ಜುಮಾಕ್ಕೆ ಮೊದಲು ಅಂಗಳಕ್ಕೆ ಅರ್ಧ ಗಂಟೆ

ಮಳೆ ಶುರುವಾಗುತ್ತಿದ್ದಂತೆ ನಮ್ಮ ಸಿ.ವಿ. ರಾಮನ್ ನಗರದ ಬೀದಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಗಿಡ ಇದ್ದರೆ ಸೊಳ್ಳೆ. ಎಲ್ಲ ಕಿತ್ತು ಸಿಮೆಂಟ್ ಹಾಕಿಸಿಬಿಡಿ." ಹಾಗೆ ಮಾಡಿಸಿದ ಮನೆಗಳೂ ಇವೆ. ಕರಿಬೇವು ಹೋಯಿತು, ಮೆಹಂದಿ ಗಿಡ ಹೋಯಿತು, ಅಜ್ಜಿ ನೆಟ್ಟ ಸೀಬೆ ಮರವೂ ಹೋಯಿತು. ಸೊಳ್ಳೆ ಮಾತ್ರ ಹೋಗಲಿಲ್ಲ. ತಪ್ಪು ಗಿಡದ್ದಲ್ಲ, ನಮ್ಮ ಅಜಾಗ್ರತೆಯದು ಎಂಬುದು ನನ್ನ ಅಭಿಪ್ರಾಯ.

ಜನರ ಭಯಕ್ಕೆ ಕಾರಣ ಇಲ್ಲದಿಲ್ಲ. 2024ರಲ್ಲಿ ಬೆಂಗಳೂರಿನಲ್ಲಿ ಡೆಂಗಿಯಿಂದ ಆದದ್ದೆಂದು ಪಾಲಿಕೆ ದೃಢಪಡಿಸಿದ ಮೊದಲ ಸಾವು ನಮ್ಮ ಪಕ್ಕದ ಕಗ್ಗದಾಸಪುರದ 27 ವರ್ಷದ ಯುವಕನದು. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡವನ್ನೂ ಗೊತ್ತುಮಾಡಿತು. ಆದರೆ ದಂಡಕ್ಕೆ ಹೆದರಿ ಅಂಗಳ ಶುಚಿ ಮಾಡುವ ಸ್ಥಿತಿ ನಮಗೆ ಬರಬಾರದು. ಶುಚಿತ್ವ ಈಮಾನಿನ ಅರ್ಧ ಭಾಗವೆಂದು ಮದ್ರಸದ ಮೊದಲ ತರಗತಿಯಲ್ಲೇ ಕಲಿತವರು ನಾವು.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಹಗಲಿನಲ್ಲೇ ಕಚ್ಚುತ್ತದೆ. ಅದಕ್ಕೆ ಮೋರಿಯ ಕೊಳಚೆಗಿಂತ ನಿಂತ ತಿಳಿನೀರು ಇಷ್ಟ. ಹೂಕುಂಡದ ಕೆಳಗಿನ ತಟ್ಟೆ, ಮುಚ್ಚಳವಿಲ್ಲದ ಡ್ರಮ್ಮು, ಸಂಪಿನ ಬಿರುಕು ಬಿಟ್ಟ ಮುಚ್ಚಳ, ಎಳನೀರಿನ ಚಿಪ್ಪು, ಮೂಲೆಗೆಸೆದ ಟೈರು, ಸಜ್ಜದ ಮೇಲೆ ಮಡಚಿಟ್ಟ ಪ್ಲಾಸ್ಟಿಕ್ ಹಾಳೆ, ಕಿಟಕಿಯಲ್ಲಿ ಬಾಟಲಿಗೆ ಹಾಕಿಟ್ಟ ಮನಿ ಪ್ಲಾಂಟ್, ಇವೇ ಅದರ ತೊಟ್ಟಿಲು. ಮೊಟ್ಟೆ ಮರಿಯಾಗಿ, ರೆಕ್ಕೆ ಬಲಿತು ಹಾರಲು ಸುಮಾರು 7ರಿಂದ 10 ದಿನ ಸಾಕು. ಪಾತ್ರೆಯ ಒಳಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ಬಿದ್ದ ಕೂಡಲೇ ಮತ್ತೆ ಮರಿಯಾಗಬಲ್ಲದು. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಒಳಭಾಗವನ್ನು ತಿಕ್ಕಿ ತೊಳೆಯಬೇಕು.

ಈಗ ಹೇಳಿ, ಇದರಲ್ಲಿ ಗಿಡದ ಪಾತ್ರವೇನು? ಮಣ್ಣು ನೀರನ್ನು ಕುಡಿಯುತ್ತದೆ, ಸಿಮೆಂಟ್ ಕುಡಿಯುವುದಿಲ್ಲ. ಏರುತಗ್ಗಿನ ಕಾಂಕ್ರೀಟ್ ಅಂಗಳದಲ್ಲಿ ಅಲ್ಲಲ್ಲಿ ನೀರು ಮಡುಗಟ್ಟುತ್ತದೆ, ಬೇಸಿಗೆಯಲ್ಲಿ ಅದೇ ಅಂಗಳ ಕಾದು ಮನೆಯೊಳಗೆ ಸೆಕೆ ತುಂಬುತ್ತದೆ. ಒಬ್ಬ ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ತಿಂದರೆ ಅದು ಅವನ ಪಾಲಿಗೆ ದಾನವಾಗುತ್ತದೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಅಂಥ ದಾನದ ಬಾಗಿಲನ್ನು ಸೊಳ್ಳೆಯ ನೆಪದಲ್ಲಿ ನಾವೇಕೆ ಮುಚ್ಚಬೇಕು?

ಇನ್ನೊಂದು ಮಾತು. ನಮ್ಮ ಡ್ರಮ್ಮಿನಲ್ಲಿ ಹುಟ್ಟಿದ ಸೊಳ್ಳೆ ಕಾಂಪೌಂಡ್ ಗೋಡೆಯನ್ನು ಲೆಕ್ಕಿಸುವುದಿಲ್ಲ. ಅದು ಬಹಳ ದೂರ ಹಾರುವುದೂ ಇಲ್ಲ, ಅಕ್ಕಪಕ್ಕದ ಮನೆಗಳಲ್ಲೇ ಸುಳಿದಾಡುತ್ತದೆ. ಅಂದರೆ ನಮ್ಮ ಅಸಡ್ಡೆಗೆ ಜ್ವರ ಬರುವುದು ಪಕ್ಕದ ಮನೆಯ ಮಗುವಿಗೆ. ಯಾರ ಉಪದ್ರವದಿಂದ ನೆರೆಯವನು ಸುರಕ್ಷಿತನಲ್ಲವೋ ಅಂಥವನ ಬಗ್ಗೆ ಹದೀಸಿನಲ್ಲಿ ಎಷ್ಟು ಕಠಿಣ ಎಚ್ಚರಿಕೆ ಇದೆಯೆಂದು ನಿಮಗೆ ಗೊತ್ತು. ಆ ನೆರೆಯವನು ಯಾವ ಧರ್ಮದವನಾದರೂ ಹಕ್ಕು ಒಂದೇ. ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕು, ನೀರಿನ ಚೀಲದ ಬಾಯಿ ಕಟ್ಟಬೇಕು ಎಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ಅಡುಗೆಮನೆಯಲ್ಲಿ ಪಾಲಿಸುತ್ತೇವೆ. ಅಂಗಳದ ಡ್ರಮ್ಮಿಗೂ ಟೆರೇಸಿನ ಟ್ಯಾಂಕಿಗೂ ಅದನ್ನು ಅನ್ವಯಿಸಬಾರದೇ?

ಹೊಗೆ ಹೊಡೆಸಿದರೆ ಮುಗಿಯಿತು ಎಂದು ಕಾಯುವುದು ಬೇಡ. ಹೊಗೆ ಹಾರುವ ಸೊಳ್ಳೆಯನ್ನು ಕೊಲ್ಲುತ್ತದೆ, ನೀರಿನಲ್ಲಿರುವ ಮರಿಗಳನ್ನಲ್ಲ. ಮರಿಯ ಕೆಲಸ ಮುಗಿಸಬೇಕಾದವರು ಮನೆಯವರೇ.

ಅದಕ್ಕೆ ನನ್ನ ಸಲಹೆ ಸರಳ. ಶುಕ್ರವಾರ ಉಗುರು ಕತ್ತರಿಸುತ್ತೇವೆ, ಸ್ನಾನ ಮಾಡಿ ಶುಭ್ರ ಬಟ್ಟೆ ತೊಟ್ಟು ಅತ್ತರು ಹಚ್ಚುತ್ತೇವೆ. ಅದಕ್ಕೂ ಮೊದಲು, ಫಜರ್ ನಮಾಝಿನ ನಂತರ, ಅರ್ಧ ಗಂಟೆಯನ್ನು ಅಂಗಳಕ್ಕೆ ಕೊಡಿ. ಕುಂಡದ ತಟ್ಟೆಗಳನ್ನು ತಿಕ್ಕಿ ಕವುಚಿಡಿ. ಡ್ರಮ್ಮು ಖಾಲಿ ಮಾಡಿ ಉಜ್ಜಿ, ತುಂಬಿಸಿದ ಮೇಲೆ ಬಿಗಿಯಾಗಿ ಮುಚ್ಚಿ. ಹಕ್ಕಿಗಿಟ್ಟ ನೀರನ್ನು ದಿನವೂ ಬದಲಿಸಿ. ವಾರಕ್ಕೊಮ್ಮೆ ತಪ್ಪದೆ ಮಾಡಿದರೆ ಹೆಚ್ಚಿನ ಮರಿಗಳು ರೆಕ್ಕೆ ಬರುವ ಮೊದಲೇ ನಾಶವಾಗುತ್ತವೆ. ಖಾಲಿ ಮಾಡಲಾಗದ ತೊಟ್ಟಿಗೆ ಮರಿ ತಿನ್ನುವ ಗಪ್ಪಿ ಮೀನು ಬಿಡಬಹುದು. ಇದನ್ನು ಹೆಂಗಸರ ಕೆಲಸವೆಂದು ಗಂಡಸರು ದೂರ ನಿಲ್ಲಬೇಡಿ. ಪ್ರವಾದಿ(ಸ)ರವರು ಮನೆಗೆಲಸದಲ್ಲಿ ಮನೆಯವರಿಗೆ ನೆರವಾಗುತ್ತಿದ್ದರೆಂದು ಹಝ್ರತ್ ಆಯಿಶಾ(ರ) ಹೇಳಿದ್ದಾರೆ.

ಇನ್ನು ಋತುವಿನ ಕೆಲಸಗಳು. ಏಪ್ರಿಲ್, ಮೇ ತಿಂಗಳಲ್ಲಿ, ಮಳೆಗೆ ಮುಂಚೆಯೇ, ಸಜ್ಜ ಮತ್ತು ಮಳೆನೀರಿನ ಪೈಪಿನಲ್ಲಿ ಕಟ್ಟಿಕೊಂಡ ಎಲೆ ತೆಗೆಸಿ. ನುಗ್ಗೆಯ ಉದ್ದ ಕೊಂಬೆಗಳನ್ನು ಸವರಿ. ಗಾಳಿಮಳೆಗೆ ಮೊದಲು ಮುರಿಯುವುದು ಅದೇ. ಮರದ ಪಾತಿ ಸಡಿಲಿಸಿ ಸ್ವಲ್ಪ ಗೊಬ್ಬರ, ಬೇವಿನ ಹಿಂಡಿ ಕೊಡಿ. ಬೆಂಗಳೂರಿಗೆ ಜೋರು ಮಳೆ ಜೂನಿನಲ್ಲಲ್ಲ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ; ಆದ್ದರಿಂದ ಜುಲೈ ದಾಟಿತೆಂದು ಮೈಮರೆಯಬೇಡಿ. ಚಳಿ ಮುಗಿಯುವ ಹೊತ್ತಿಗೆ ಹೊಂಗೆ ಎಲೆ ಉದುರಿಸುತ್ತದೆ. ಅದಕ್ಕೆ ಬೆಂಕಿ ಹಾಕಬೇಡಿ, ಹೊಗೆ ಕುಡಿಯುವುದು ಪಕ್ಕದ ಮನೆಯ ಅಸ್ತಮಾ ರೋಗಿ. ಮೂಲೆಯಲ್ಲಿ ಪೇರಿಸಿ ಆಗಾಗ ನೀರು ಚಿಮುಕಿಸಿ, ತಿರುವಿ ಹಾಕಿದರೆ ಕೆಲವು ತಿಂಗಳಲ್ಲಿ ಗೊಬ್ಬರ.

ಬೇಸಿಗೆಯ ನೀರಿನ ಚಿಂತೆ ನಮಗೆಲ್ಲ ನೆನಪಿದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತ್ತು. ಅಂಥ ದಿನಗಳಿಗೆ ವುಝೂ ನೀರೇ ಗಿಡದ ಪಾಲು. ಪ್ರವಾದಿ(ಸ)ರವರು ಒಂದು ಮುದ್ದ್, ಅಂದರೆ ಮುಕ್ಕಾಲು ಲೀಟರಿಗೂ ತುಸು ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಾವು ನಲ್ಲಿ ಬಿಟ್ಟು ಅದರ ಹಲವು ಪಟ್ಟು ಹರಿಸುತ್ತೇವೆ. ಕೆಳಗೊಂದು ಬಕೆಟ್ ಇಡಿ, ಅಂದಂದೇ ಕರಿಬೇವಿಗೆ ಸುರಿಯಿರಿ. ನಾಳೆಗೆಂದು ತೆರೆದಿಟ್ಟರೆ ಅದೂ ಸೊಳ್ಳೆಯ ತೊಟ್ಟಿಲಾದೀತು.

ಕೊನೆಗೊಂದು ಎಚ್ಚರಿಕೆ. ಅಂಗಳದ ಪಪ್ಪಾಯ ಎಲೆಯ ರಸ ಕುಡಿಸಿ ಜ್ವರವನ್ನು ಮನೆಯಲ್ಲೇ ನೋಡಿಕೊಳ್ಳುತ್ತೇವೆ ಎನ್ನಬೇಡಿ. ಎರಡು ದಿನ ಜ್ವರ ಬಿಡದಿದ್ದರೆ ವೈದ್ಯರಿಗೆ ತೋರಿಸಿ. ಅವರು ಹೇಳದೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ರಕ್ತಸ್ರಾವದ ಅಪಾಯವಿದೆ. ಡೆಂಗಿ ಬಿಗಡಾಯಿಸುವುದು ಹೆಚ್ಚಾಗಿ ಜ್ವರ ಇಳಿದ ಹೊತ್ತಿನಲ್ಲೇ. ಆಗ ತೀವ್ರ ಹೊಟ್ಟೆನೋವು, ಬಿಡದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಗಿಡಗಳಿರಲಿ, ನಿಂತ ನೀರು ಹೋಗಲಿ. ಈ ಶುಕ್ರವಾರ ನಿಮ್ಮ ಅಂಗಳದಿಂದಲೇ ಶುರುವಾಗಲಿ. ನಮ್ಮಿಂದ ನೆರೆಹೊರೆಗೆ ಒಳಿತಾಗುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.