ಜಾಹೂ ಆಟ ಮತ್ತು ಬಾಗಲಕೋಟೆಯ ಅಂಗಳ

ಬಾಗಲಕೋಟೆ: 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ತಂಡ ಎಫ್‌ಸಿ ಗೋವಾವನ್ನು 1-0 ಅಂತರದಿಂದ ಮಣಿಸಿ ಚೊಚ್ಚಲ ಐಎಸ್‌ಎಲ್ ಪ್ರಶಸ್ತಿ ಗೆದ್ದಿತು. 117ನೇ ನಿಮಿಷದಲ್ಲಿ ಗೋಲು ಹೊಡೆದ ರಾಹುಲ್ ಭೆಕೆ ಹೆಸರು ಮನೆಮಾತಾಯಿತು. ಆದರೆ ಪಂದ್ಯ ವಾಲಿದ್ದು ಅದಕ್ಕೂ ಮುನ್ನ. ಗೋವಾದ ಮೊರಾಕ್ಕೊ ಆಟಗಾರ ಅಹ್ಮದ್ ಜಾಹೂ ಹೆಚ್ಚುವರಿ ಅವಧಿಯಲ್ಲಿ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದಿದ್ದರು.

ಗೋಲು ಹೊಡೆಯುವುದು ಜಾಹೂ ಅವರ ಮುಖ್ಯ ಕೆಲಸವಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವಂತೆ, ರಕ್ಷಣಾ ಪಡೆಯನ್ನೂ ಮುನ್ಪಡೆಯನ್ನೂ ಬೆಸೆಯುವುದು ಮಧ್ಯಾಂಗಣ ಆಟಗಾರನ ಹೊಣೆ. ಕೊಂಡಿ ಕಳಚಿದರೆ ಎರಡೂ ಬೇರೆಯಾಗುತ್ತವೆ. ಅಂದು ಗೋವಾಕ್ಕೆ ಆದದ್ದೂ ಅದೇ.

ಮೊರಾಕ್ಕೊದ ಮೊಘ್ರೆಬ್ ತೆಟುವಾನ್ ಕ್ಲಬ್‌ನಲ್ಲಿ ಆಡಿದ್ದ ಜಾಹೂ 2017ರಲ್ಲಿ ಗೋವಾಕ್ಕೆ ಬಂದರು. ಅದೇ ಕ್ಲಬ್‌ಗೆ ತರಬೇತಿ ನೀಡಿದ್ದ ಸ್ಪೇನಿನ ಸೆರ್ಗಿಯೊ ಲೊಬೆರಾ ಆಗ ಗೋವಾ ತಂಡದ ತರಬೇತುದಾರರು. ಗೋವಾ 2019-20ರಲ್ಲಿ ಲೀಗ್ ಶೀಲ್ಡ್ ಗೆದ್ದಿತು. 2020ರಲ್ಲಿ ಇಬ್ಬರೂ ಮುಂಬಯಿ ಸಿಟಿ ಸೇರಿದರು. ಮೊದಲ ಋತುವಿನಲ್ಲೇ ಶೀಲ್ಡ್ ಮತ್ತು ಕಪ್ ಎರಡೂ ಮುಂಬಯಿಗೆ ದಕ್ಕಿದವು. 2023ರಲ್ಲಿ ಒಡಿಶಾ ತಂಡದಲ್ಲಿ ಇಬ್ಬರೂ ಮತ್ತೆ ಜೊತೆಯಾದರು. ಒಬ್ಬ ಗುರುವಿನ ಕೈಕೆಳಗಿನ ದೀರ್ಘ ಪಳಗುವಿಕೆಯೇ ಈ ವೃತ್ತಿಜೀವನದ ಬಂಡವಾಳ ಎಂಬುದು ಗಮನಾರ್ಹ.

ಕರ್ನಾಟಕದ ಮಟ್ಟಿಗೆ ಯೋಚಿಸಬೇಕಾದ ಸಂಗತಿ ಇಲ್ಲಿದೆ. 2019ರ ವಿಜೇತ ಬೆಂಗಳೂರು ತಂಡದ ಮಧ್ಯಾಂಗಣವೂ ಡಿಮಾಸ್ ಡೆಲ್ಗಾಡೊ ಅವರಂಥ ಸ್ಪೇನ್ ಆಟಗಾರರನ್ನು ನೆಚ್ಚಿಕೊಂಡಿತ್ತು. ಬೆಂಗಳೂರಿನವರೇ ಆದ ಕಾರ್ಲ್‌ಟನ್ ಚಾಪ್ಮನ್ ಭಾರತ ತಂಡದ ನಾಯಕರಾದರೂ ಪಳಗಿದ್ದು ಜಮ್ಶೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ. 2021-22ರಿಂದ ಐಎಸ್‌ಎಲ್ ಕಣಕ್ಕಿಳಿಯುವ ವಿದೇಶಿಯರ ಸಂಖ್ಯೆಯನ್ನು ಐದರಿಂದ ನಾಲ್ಕಕ್ಕೆ ಇಳಿಸಿತು. ಹೀಗೆ ತೆರವಾದ ಸ್ಥಾನಕ್ಕೆ ನಮ್ಮ ಹುಡುಗರು ಸಿದ್ಧರಿರಬೇಕಲ್ಲವೇ?

ಬಾಗಲಕೋಟೆ ಜಿಲ್ಲೆಗೆ ಇದು ಅಪರಿಚಿತ ಪಾಠವೇನಲ್ಲ. ಈ ಭಾಗ ಸೈಕ್ಲಿಂಗ್‌ನಲ್ಲಿ ಹೆಸರು ಮಾಡಿದ್ದರ ಹಿಂದೆ ಕ್ರೀಡಾ ನಿಲಯ ಮತ್ತು ನಿರಂತರ ತರಬೇತಿಯ ಪಾಲಿದೆ. ಬಾದಾಮಿ, ಹುನಗುಂದ, ಇಳಕಲ್‌ನ ಹುಡುಗರ ಕಾಲಲ್ಲಿ ಕಸುವಿಲ್ಲವೆಂದಲ್ಲ. ಹತ್ತು ವರ್ಷದ ಹುಡುಗನನ್ನು ಇಪ್ಪತ್ತರವರೆಗೂ ಕೈಬಿಡದೆ ತಿದ್ದುವ ಒಬ್ಬ ಫುಟ್ಬಾಲ್ ತರಬೇತುದಾರ ತಾಲ್ಲೂಕಿಗೆ ಬೇಕು. ಒಂದು ದಿನದ ಪಂದ್ಯಾವಳಿ, ಒಂದು ಕಪ್, ಒಂದು ಸನ್ಮಾನದಿಂದ ಮಧ್ಯಾಂಗಣ ಆಟಗಾರ ಹುಟ್ಟುವುದಿಲ್ಲ.