ಮಟ್ಟವೊಂದೇ ಸಾಲದು, ಹದವೂ ಬೇಕು



ಕನ್ನಡದ ಎರಡು ಚಿಕ್ಕ ಪದಗಳನ್ನು ಈ ಸಲ ವಿಚಾರಕ್ಕೆ ಎತ್ತಿಕೊಳ್ಳೋಣ. ಒಂದು ‘ಮಟ್ಟ’, ಇನ್ನೊಂದು ‘ಹದ’. ಮಟ್ಟವೆಂಬುದು ಕಣ್ಣಿಗೆ ಕಾಣುವಂಥದ್ದು. ಏರುತಗ್ಗಿಲ್ಲದ ನೆಲವನ್ನು ಮಟ್ಟಸವಾದ ನೆಲವೆನ್ನುತ್ತೇವೆ. ಹದವಾದರೋ ಕೈಗೆ ತಿಳಿಯುವಂಥದ್ದು. ಮಣ್ಣಿಗೂ ಹದವುಂಟು, ಹಿಟ್ಟಿಗೂ ಹದವುಂಟು, ಮಾತಿಗೂ ಹದವುಂಟು. ಪಾಳುಬಿದ್ದ ಹಿತ್ತಲನ್ನು ಸರಿಪಡಿಸಲು ಹೊರಟ ನಾವು ಮೊದಲನೆಯದರ ಬೆನ್ನುಹತ್ತಿ ಎರಡನೆಯದನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಅಂಗಳಕ್ಕೆ ದಿನವೂ ಸಾರಣೆ, ರಂಗೋಲಿಗಳ ಭಾಗ್ಯವಿದೆ. ಹಿತ್ತಲಿಗೆ ಅದಿಲ್ಲ. ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರು, ಒಡೆದ ಹೆಂಚು, ಪ್ಲಾಸ್ಟಿಕ್ ಚೀಲ ಎಲ್ಲವೂ ಅಲ್ಲಿಗೆ ಸೇರುತ್ತವೆ. ಬಚ್ಚಲ ನೀರು ಹರಿದಲ್ಲಿ ಗುಂಡಿ, ಮಣ್ಣು ಸುರಿದಲ್ಲಿ ದಿಬ್ಬ, ನಡುವೆ ಆಳೆತ್ತರದ ಕಾಂಗ್ರೆಸ್ ಗಿಡ. ಮಳೆಗಾಲದಲ್ಲಿ ನೀರು ಹಿಂಗೋಡೆಯ ಬುಡದಲ್ಲಿ ನಿಂತು ಗೋಡೆಗೆ ತೇವವೇರುತ್ತದೆ. ಬಟ್ಟೆ ಒಣಹಾಕಲು ಹೋದ ಹಿರಿಯರು ಜಾರಿ ಬೀಳುವ ಭಯ ಬೇರೆ. ಆದ್ದರಿಂದ ಹಿತ್ತಲನ್ನು ಮಟ್ಟಮಾಡಬೇಕೆಂಬ ಆಸೆ ತಪ್ಪಲ್ಲ. ತಪ್ಪಿರುವುದು ಅವಸರದಲ್ಲಿ.

ಇಂದಿನ ರೂಢಿಯನ್ನು ನೋಡೋಣ. ಜೆಸಿಬಿ ಯಂತ್ರ ಬರುತ್ತದೆ. ಒಂದು ತಾಸಿನಲ್ಲಿ ಎಲ್ಲವನ್ನೂ ಕೆರೆದು ಸಪಾಟು ಮಾಡುತ್ತದೆ. ಮರುವಾರ ಅದರ ಮೇಲೆ ಸಿಮೆಂಟು ಬೀಳುತ್ತದೆ. ಯಂತ್ರವು ಮೊದಲು ಕೆರೆಯುವುದು ಮೇಲ್ಮಣ್ಣನ್ನು. ಒಂದಂಗುಲ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷ ಬೇಕು. ಅದು ಹೋಗಲು ಒಂದು ತಾಸು ಸಾಕು. ಉಳಿಯುವ ಅಡಿಮಣ್ಣು ಮಟ್ಟಸವಾಗಿದ್ದರೂ ಬಂಜೆಯಾಗಿರುತ್ತದೆ. ಅನಂತರ ಅದಕ್ಕೆ ಎಷ್ಟು ಗೊಬ್ಬರ ಸುರಿದರೂ ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದಂತೆಯೇ ಸರಿ.

ನೀರಿನ ಲೆಕ್ಕವನ್ನೂ ಮಾಡಬೇಕು. ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರು. 30 ಅಡಿ ಉದ್ದ, 20 ಅಡಿ ಅಗಲದ ಹಿತ್ತಲೆಂದರೆ ಸುಮಾರು 56 ಚದರ ಮೀಟರ್. ವರ್ಷಕ್ಕೆ 800 ಮಿ.ಮೀ. ಮಳೆ ಬೀಳುವಲ್ಲಿ ಆ ಹಿತ್ತಲಿಗೆ ಆಕಾಶವು ನೀಡುವ ನೀರು 44 ಸಾವಿರ ಲೀಟರಿಗೂ ಅಧಿಕ. ಸಿಮೆಂಟು ಹಾಸಿದೆವೆಂದರೆ ಅದರ ಬಹುಪಾಲನ್ನು ಚರಂಡಿಗೆ ಕಳಿಸಿ, ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದು ನಿಂತಂತಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಒಂದು ದೊಡ್ಡ ಮಳೆಯಲ್ಲಿ ಹಿತ್ತಲನ್ನು ಸುಮ್ಮನೆ ನೋಡಬೇಕು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೆಲವೇ ತೋರಿಸುತ್ತದೆ. ಕಾಂಗ್ರೆಸ್ ಗಿಡವನ್ನು ಹೂಬಿಡುವ ಮುನ್ನವೇ ಕೈಗವಸು ಧರಿಸಿ ಬೇರುಸಹಿತ ಕೀಳಬೇಕು. ಕಸ, ಗಾಜು, ಪ್ಲಾಸ್ಟಿಕ್‌ಗಳನ್ನು ಹೊರಹಾಕಬೇಕೇ ಹೊರತು ಗುಂಡಿಯಲ್ಲಿ ಹೂಳಬಾರದು.

ಯುಗಾದಿಯ ಆಸುಪಾಸಿನಲ್ಲಿ, ನೆಲ ಒಣಗಿರುವಾಗ ಮಣ್ಣಿನ ಕೆಲಸ ಹಿಡಿಯುವುದು ಲೇಸು. ಮೇಲಿನ ನಾಲ್ಕೈದು ಇಂಚು ಮಣ್ಣನ್ನು ತೆಗೆದು ಒಂದು ಮೂಲೆಯಲ್ಲಿ ರಾಶಿ ಹಾಕಬೇಕು. ಅನಂತರ ಗೂಟ ನೆಟ್ಟು, ದಾರ ಕಟ್ಟಿ, ಗೌಂಡಿಗಳು ಬಳಸುವ ನೀರುತುಂಬಿದ ಲೆವೆಲ್ ಪೈಪಿನಿಂದ ಮಟ್ಟ ನೋಡಿ, ದಿಬ್ಬದ ಅಡಿಮಣ್ಣನ್ನು ತಗ್ಗಿಗೆ ತುಂಬಬೇಕು. ಒಮ್ಮೆಗೇ ಸುರಿಯದೆ ಅರ್ಧ ಅಡಿಗೊಂದು ಪದರದಂತೆ ಹಾಕಿ, ನೀರು ಚಿಮುಕಿಸಿ, ತುಳಿದು ಗಟ್ಟಿಗೊಳಿಸಬೇಕು. ಹೀಗೆ ಮಾಡಿದರೂ ತುಂಬಿದ ಮಣ್ಣು ಕುಸಿಯುವುದು ಸಹಜ. ಅಶ್ವಿನಿ, ಭರಣಿ ಮಳೆಗಳು ಅದನ್ನು ತೋರಿಸಿಕೊಡುತ್ತವೆ. ಆ ತಗ್ಗುಗಳನ್ನು ಸರಿಪಡಿಸಿದ ಮೇಲೆಯೇ ಕಾದಿರಿಸಿದ ಮೇಲ್ಮಣ್ಣನ್ನು ಮರಳಿ ಹರಡತಕ್ಕದ್ದು.

ಇಲ್ಲಿ ಮುಖ್ಯವಾದ ಮಾತೊಂದಿದೆ. ಒಳ್ಳೆಯ ಹಿತ್ತಲು ತಟ್ಟೆಯಂತೆ ಸಪಾಟಾಗಿರುವುದಿಲ್ಲ. ಗೋಡೆಯಿಂದ ಆಚೆಗೆ 10 ಅಡಿಗೆ ಎರಡು ಮೂರು ಇಂಚಾದರೂ ಇಳಿಜಾರು ಇರಬೇಕು. ಮಣ್ಣು ಮನೆಯ ನೆಲಗಟ್ಟಿಗಿಂತ ಅರ್ಧ ಅಡಿ ಕೆಳಗೇ ಉಳಿಯಬೇಕು, ಇಲ್ಲವಾದರೆ ತೇವದೊಂದಿಗೆ ಗೆದ್ದಲೂ ಒಳಬರುತ್ತದೆ. ಹರಿದ ನೀರು ನೆರೆಮನೆಯ ಗೋಡೆಗೆ ಹೊಡೆಯದೆ, ಬಾಳೆಯ ಪಾತಿಗೋ ಇಂಗುಗುಂಡಿಗೋ ಸೇರಬೇಕು. ನಮ್ಮ ಮಟ್ಟವು ನೆರೆಯವರ ಕೊಳಚೆಯಾದರೆ ಅದೆಂಥ ಮಟ್ಟ? ಇಳಿಜಾರು ಬಹಳವಿದ್ದಲ್ಲಿ ಒಂದೂವರೆ ಅಡಿ ಮೀರದ ಕಲ್ಲುಕಟ್ಟೆಯಿಂದ ಎರಡು ಮೆಟ್ಟಿಲು ಮಾಡಿದರೆ ಸಾಕು. ಕರಾವಳಿಯ ರೈತರು ಭತ್ತದ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಎತ್ತರಕ್ಕನುಗುಣವಾಗಿ ವಿಂಗಡಿಸಿಕೊಂಡರೇ ವಿನಾ ಎಲ್ಲವನ್ನೂ ಒಂದೇ ಮಟ್ಟಕ್ಕೆ ಎಳೆಯಲಿಲ್ಲ.

ಎರೆಮಣ್ಣಿನ ಊರುಗಳಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ಆ ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದರ ಮೇಲೆ ಹಾಸಿದ ಸಿಮೆಂಟು ಕೆಲವೇ ವರ್ಷಗಳಲ್ಲಿ ಸೀಳುವುದುಂಟು. ಹಸಿಯಿರುವಾಗ ತುಳಿದರೆ ಅದು ಇಟ್ಟಿಗೆಯಂತಾಗುತ್ತದೆ. ಒಂದು ಮುಷ್ಟಿ ಮಣ್ಣನ್ನು ಹಿಡಿದು ಉಂಡೆ ಕಟ್ಟಿ ಕೆಳಗೆ ಬಿಡಬೇಕು. ಉಂಡೆ ಪುಡಿಯಾದರೆ ಅದು ಅಗೆಯುವ ಹದ.

ಮೃಗಶಿರ ಮಳೆ ಹಿಡಿದಾಗ ಸೆಣಬು ಬಿತ್ತಿ, ಹೂಬಿಡುವ ಹೊತ್ತಿಗೆ ಕಡಿದು ಮಣ್ಣಿಗೇ ಸೇರಿಸಿದರೆ ಅದಕ್ಕಿಂತ ಅಗ್ಗದ ಗೊಬ್ಬರವಿಲ್ಲ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಅದಾದ ಮೇಲೆ ನುಗ್ಗೆ, ಕರಿಬೇವು, ದೊಡ್ಡಪತ್ರೆ, ಪೂಜೆಗೊಂದು ಬಿಲ್ವ ನೆಡಬಹುದು.

‘ಮಣ್ಣಿದ್ದರೆ ಹಾವು ಚೇಳು ಬರುತ್ತವೆ, ಸಿಮೆಂಟು ಸುಲಭ’ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ಆದರೆ ಹಾವು ಚೇಳುಗಳಿಗೆ ಆಶ್ರಯವಾಗುವುದು ಕಲ್ಲುರಾಶಿ, ಕಸದ ಗುಡ್ಡೆಗಳು, ಸ್ವಚ್ಛವಾದ ಪಾತಿಯಲ್ಲ. ಹಿರಿಯರು ಓಡಾಡಲು ಹಿಂಬಾಗಿಲಿನಿಂದ ಬಟ್ಟೆ ಒಗೆಯುವ ಕಲ್ಲಿನವರೆಗೆ ಮೂರಡಿ ಅಗಲದ, ಕಾಲು ಜಾರದ ಒರಟು ಕಲ್ಲಿನ ದಾರಿಯಿರಲಿ. ಉಳಿದ ನೆಲ ಉಸಿರಾಡಲಿ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಿದೆ. ಈಗ ಹಿತ್ತಲ ನೆಲವೇ ನಮಗೆ ನೆಲವಲ್ಲವಾಗಿದೆ. ಈ ಬೇಸಿಗೆಯಲ್ಲಿ ಯಂತ್ರಕ್ಕೆ ಕರೆ ಕಳಿಸುವ ಮುನ್ನ ಪ್ರತಿಯೊಬ್ಬರೂ ತಮ್ಮ ಹಿತ್ತಲಿನ ಒಂದು ಮುಷ್ಟಿ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬುದು ನನ್ನ ವಿನಮ್ರ ಅರಿಕೆ.