ಈಮೇಲಿನ ಮೊಹರು ಮತ್ತು ನಮ್ಮ ಕಚೇರಿಗಳು

ಬ್ಯಾಂಕಿನ ಹೆಸರಿನಲ್ಲಿ, ಸರಕಾರಿ ಇಲಾಖೆಯ ಹೆಸರಿನಲ್ಲಿ ಬರುವ ಸುಳ್ಳು ಈಮೇಲುಗಳನ್ನು ಕುರಿತು ಜನರಿಗೆ ಎಚ್ಚರಿಕೆ ಹೇಳುವ ಪ್ರಕಟನೆಗಳಿಗೆ ನಮ್ಮಲ್ಲಿ ಬರಗಾಲವಿಲ್ಲ. ಆ ಎಚ್ಚರಿಕೆಯು ಬೇಕಾದದ್ದೇ. ಆದರೆ ತಮ್ಮ ಹೆಸರನ್ನು ಪರರು ಕದ್ದು ಬಳಸದಂತೆ ಮಾಡುವ ಸಾಧನವು ತಮ್ಮ ಕೈಯಲ್ಲಿಯೇ ಇರುವಾಗ, ಅದನ್ನು ಅರ್ಧಕ್ಕೆ ಬಿಟ್ಟು, ಎಲ್ಲ ಹೊಣೆಯನ್ನೂ ಪತ್ರ ಪಡೆಯುವ ಬಡಪಾಯಿಯ ತಲೆಯ ಮೇಲೆ ಹೊರಿಸುವುದು ನ್ಯಾಯವೆಂದು ನಾವು ಒಪ್ಪಲಾರೆವು.

ದೋಷದ ಮೂಲವು ಹಳೆಯದು. 1982ರಲ್ಲಿ ಜೊನಾಥನ್ ಪೋಸ್ಟೆಲ್ ಮಹಾಶಯರು ಬರೆದ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ಕಳುಹಿಸುವವನ ಹೆಸರು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಲಕೋಟೆಯ ಮೇಲೆ ಯಾರ ಹೆಸರನ್ನಾದರೂ ಬರೆದು ಅಂಚೆಪೆಟ್ಟಿಗೆಗೆ ಹಾಕಬಹುದಲ್ಲವೆ? ಅದೇ ಸ್ಥಿತಿ ಇಲ್ಲಿಯೂ.

ಈ ಕೊರತೆಯನ್ನು ತುಂಬಲು ಮೂರು ಉಪಾಯಗಳು ಕ್ರಮವಾಗಿ ಹುಟ್ಟಿದುವು. ಹೆಸರುಗಳು ಕರ್ಕಶವಾಗಿವೆ, ತತ್ತ್ವವು ಸರಳವಾಗಿದೆ. ಎಸ್‌ಪಿಎಫ್ ಎಂಬುದು, ತನ್ನ ಪರವಾಗಿ ಪತ್ರ ಕಳುಹಿಸಲು ಯಾವ ಯಾವ ಸರ್ವರುಗಳಿಗೆ ಅಧಿಕಾರವಿದೆಯೆಂದು ಸಂಸ್ಥೆಯು ತನ್ನ ಡೊಮೇನಿನ ಡಿಎನ್‌ಎಸ್ ದಾಖಲೆಯಲ್ಲಿ ಪ್ರಕಟಿಸುವ ಪಟ್ಟಿ. ಡಿಕಿಮ್ ಎಂಬುದು ಪ್ರತಿ ಪತ್ರಕ್ಕೂ ಗುಪ್ತ ಕೀಲಿಯಿಂದ ಒತ್ತುವ ಮೊಹರು. ಅದನ್ನು ತಾಳೆ ನೋಡುವ ಬಹಿರಂಗ ಕೀಲಿಯು ಅದೇ ಡಿಎನ್‌ಎಸ್‌ನಲ್ಲಿರುತ್ತದೆ. ಇಷ್ಟಾದರೂ ಒಂದು ಬಿರುಕು ಉಳಿಯಿತು. ಎಸ್‌ಪಿಎಫ್ ನೋಡುವುದು ಲಕೋಟೆಯ ಮೇಲಿನ ವಿಳಾಸವನ್ನು. ಓದುಗನಿಗೆ ಕಾಣುವುದು ಒಳಗಿನ ಕಾಗದದ ಹೆಸರು. ವಂಚಕನು ಲಕೋಟೆಗೆ ತನ್ನ ವಿಳಾಸ ಬರೆದು, ತನ್ನದೇ ಮೊಹರು ಒತ್ತಿ, ಕಾಗದದಲ್ಲಿ ಬ್ಯಾಂಕಿನ ಹೆಸರಿಟ್ಟರೆ ಎರಡು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗುತ್ತಾನೆ. ಪರೀಕ್ಷೆಯಲ್ಲಿ ಗೆದ್ದ ಹೆಸರೂ ಓದುಗನಿಗೆ ಕಾಣುವ ಹೆಸರೂ ಒಂದೇ ಆಗಿರತಕ್ಕದ್ದೆಂದು ವಿಧಿಸಿ ಈ ಬಿರುಕನ್ನು ಮುಚ್ಚಿದುದು 2012ರಲ್ಲಿ ಪ್ರಕಟವಾದ ಡಿಮಾರ್ಕ್. ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂಬುದನ್ನೂ ಅದರಲ್ಲಿ ಹೇಳಬಹುದು: ‘ನನ್’, ಎಂದರೆ ಏನೂ ಮಾಡಬೇಡಿರಿ, ‘ಕ್ವಾರಂಟೈನ್’, ಬದಿಗಿಡಿರಿ, ‘ರಿಜೆಕ್ಟ್’, ತಿರಸ್ಕರಿಸಿರಿ.

ನಮ್ಮ ಆಕ್ಷೇಪಣೆಯಿರುವುದು ಇಲ್ಲಿಯೇ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ರಾಶಿಗಟ್ಟಲೆ ಪತ್ರ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯಗೊಳಿಸಿದುವು. ಜೀಮೇಲಿಗೆ ದಿನಕ್ಕೆ 5,000ಕ್ಕೆ ಮುಟ್ಟಿದವರೆಲ್ಲ ಈ ನಿಯಮಕ್ಕೆ ಒಳಪಟ್ಟರು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೂ ಅದೇ ಹಾದಿ ಹಿಡಿಯಿತು. ಪತ್ರಗಳು ಸ್ಪ್ಯಾಮಿನ ಬುಟ್ಟಿಗೆ ಬೀಳುವ ಭಯದಿಂದ ಅನೇಕರು ಎಚ್ಚೆತ್ತರು. ಆದರೆ ಆ ನಿಯಮಕ್ಕೆ ‘ನನ್’ ಇದ್ದರೂ ಸಾಕು. ಅಷ್ಟರಿಂದ ಕಚೇರಿಯ ಪತ್ರ ತಲಪುತ್ತದೆ. ಕಚೇರಿಯ ಹೆಸರಿನ ಕಳ್ಳಪತ್ರವನ್ನು ತಡೆಯಿರೆಂಬ ಅಪ್ಪಣೆ ಮಾತ್ರ ಹೊರಟಿರುವುದಿಲ್ಲ. ಕಳ್ಳನ ಗುರುತನ್ನು ಪುಸ್ತಕದಲ್ಲಿ ಬರೆದುಕೊಂಡು ಒಳಗೆ ಬಿಡುವ ಕಾವಲುಗಾರನಿಗೆ ಸಂಬಳ ಕೊಡುವವರುಂಟೆ?

ಅಮೆರಿಕದ ಸರಕಾರವು 2017ರ ಅಕ್ಟೋಬರಿನಲ್ಲಿ ತನ್ನ ಇಲಾಖೆಗಳಿಗೆ ಒಂದು ವರ್ಷದೊಳಗೆ ‘ರಿಜೆಕ್ಟ್’ ಮುಟ್ಟಬೇಕೆಂದು ವಾಯಿದೆ ಹಾಕಿತು. ನಮ್ಮ ರಿಜರ್ವ್ ಬ್ಯಾಂಕೂ ಸುಮ್ಮನೆ ಕುಳಿತಿಲ್ಲ. 2019ರ ಡಿಸೆಂಬರಿನ ಸುತ್ತೋಲೆಯಲ್ಲಿ ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಸ್ವಂತ ಈಮೇಲ್ ಡೊಮೇನನ್ನೂ ಡಿಮಾರ್ಕನ್ನೂ ವಿಧಿಸಿತು. ಹೋಲುವ ಹೆಸರಿನ ಬೇರೆ ಡೊಮೇನಿನಿಂದ ಬರುವ ಮೋಸವನ್ನು ಡಿಮಾರ್ಕ್ ತಡೆಯಲಾರದು. ಅದಕ್ಕಾಗಿ ಬ್ಯಾಂಕುಗಳಿಗೇ ಮೀಸಲಾದ ‘ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಾಗಬೇಕೆಂದೂ ಅಪ್ಪಣೆ ಮಾಡಿತ್ತು.

ದುಡುಕಬೇಕೆಂದು ನಾವು ಹೇಳುತ್ತಿಲ್ಲ. 2014ರ ಏಪ್ರಿಲಿನಲ್ಲಿ ಯಾಹೂ ಸಂಸ್ಥೆಯು ಒಮ್ಮೆಲೇ ‘ರಿಜೆಕ್ಟ್’ ಪ್ರಕಟಿಸಿದಾಗ ಗುಂಪು-ಪತ್ರವ್ಯವಹಾರಗಳಲ್ಲಿದ್ದ ಪ್ರಾಮಾಣಿಕರ ಕಾಗದಗಳೂ ತಿರುಗಿ ಬಂದುವು. ಡಿಮಾರ್ಕ್ ತರಿಸಿಕೊಡುವ ವರದಿಗಳನ್ನು ಕೆಲವು ತಿಂಗಳು ಓದಿದರೆ, ವೇತನಪಟ್ಟಿ ಕಳುಹಿಸುವ ಗುತ್ತಿಗೆದಾರ, ರಸೀದಿ ಕಳುಹಿಸುವ ಕಂಪನಿ ಮೊದಲಾಗಿ ಕಚೇರಿಯೇ ಮರೆತಿದ್ದ ಪ್ರತಿನಿಧಿಗಳೆಲ್ಲ ಬೆಳಕಿಗೆ ಬರುವರು. ಇವರನ್ನೆಲ್ಲ ಎಸ್‌ಪಿಎಫ್ ಪಟ್ಟಿಗೆ ತುರುಕುವಂತೆಯೂ ಇಲ್ಲ. ಒಂದು ಪರೀಕ್ಷೆಯಲ್ಲಿ 10ಕ್ಕಿಂತ ಹೆಚ್ಚು ಡಿಎನ್‌ಎಸ್ ವಿಚಾರಣೆಗಳಾದರೆ ಪಟ್ಟಿಯೇ ಕೆಟ್ಟಂತೆ. ಆದುದರಿಂದ ಪ್ರತಿಯೊಬ್ಬನಿಂದಲೂ ಡಿಕಿಮ್ ಮೊಹರು ಹಾಕಿಸುವುದೇ ಲೇಸು. ಈಮೇಲನ್ನೇ ಕಳುಹಿಸದ ಡೊಮೇನುಗಳಿಗೆ ಈ ಕಾಯುವಿಕೆಯೂ ಬೇಡ. ಅವುಗಳ ಬಾಗಿಲನ್ನು ಇಂದೇ ಮುಚ್ಚಬಹುದು.

ಮಿಕ್ಕವುಗಳ ವಿಷಯದಲ್ಲಿ, ಮೇಲಧಿಕಾರಿಗಳು ಮುಂದಿನ ತಪಾಸಣೆಯ ನಮೂನೆಯಲ್ಲಿ ಒಂದು ಕಾಲಂ ಹೆಚ್ಚಿಸಲಿ: ಈ ಕಚೇರಿಯ ದಾಖಲೆಯು ‘ನನ್’ನಲ್ಲಿ ನಿಂತು ಎಷ್ಟು ತಿಂಗಳಾಯಿತು, ವರದಿಗಳನ್ನು ಓದುವವರು ಯಾರು?